ಮೂಗಿನ ಮೇಲಿನ ಕೊಂಬು: ಶ್ರೀಲಂಕಾ ಬೆಟ್ಟಗಳ ಓತಿಕ್ಯಾತಗಳ ವಂಶದ ಕಥೆ

ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್ ಸುತ್ತಿನ ಚಳಿ ಕಾಡುಗಳಲ್ಲಿ, ಪಾಚಿ ಹಿಡಿದ ಕೊಂಬೆಗಳ ಮೇಲೆ ಒಂದು ಓತಿಕ್ಯಾತ ಕೂತಿರುತ್ತದೆ. ಗಂಡಿನ ಮೂಗಿನ ತುದಿಯಲ್ಲಿ ಬೆಳ್ಳಗಿನ ಚೂಪು ಕೊಂಬು. ಹತ್ತಿರದಿಂದ ನೋಡಿದರೆ ಅದು ಉದ್ದಕ್ಕೆ ಬೆಳೆದ ಒಂದೇ ಒಂದು ಹುರುಪೆ! ಹೆಣ್ಣಿನ ಕೊಂಬು ತೀರಾ ಚಿಕ್ಕದು, ಕೆಲವಕ್ಕೆ ಇರುವುದೇ ಇಲ್ಲ.

ಇಂಥ ಕೊಂಬಿನ ಓತಿಗಳ ಗುಂಪಿಗೆ ಸೆರಾಟೋಫೊರಾ ಅಂತ ಹೆಸರಿಟ್ಟವರು ಬ್ರಿಟಿಷ್ ವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ, 1830ರ ದಶಕದಲ್ಲಿ. 1861ರಲ್ಲಿ ನಕಲ್ಸ್ ಬೆಟ್ಟಸಾಲಿನ ಇನ್ನೊಂದು ಓತಿ ಸೇರಿತು. ಅದರ ಕೊಂಬು ಮೆತ್ತಗೆ, ಚಪ್ಪಟೆಯಾಗಿ ಎಲೆಯ ಹಾಗಿದೆ, ಕೊಂಬಿನ ತುಂಬ ಸಣ್ಣ ಹುರುಪೆಗಳು. ಗಂಡು, ಹೆಣ್ಣು ಎರಡಕ್ಕೂ ಇದೆ. 1864ರಲ್ಲಿ ತಗ್ಗಿನ ಮಳೆಕಾಡಿನ ಒರಟು ಕೊಂಬಿನದು ಬಂತು. ಮೂಗಿನ ಮೇಲೆ ಕೊಂಬಿದ್ದರೆ ಎಲ್ಲ ಒಂದೇ ಮನೆತನ, ಲೆಕ್ಕ ಅಷ್ಟು ಸುಲಭವಾಗಿತ್ತು.

ಆ ಲೆಕ್ಕ ತಪ್ಪಿದ್ದು 1998ರಲ್ಲಿ. ಶ್ರೀಲಂಕಾದ ವಿಜ್ಞಾನಿಗಳಾದ ರೋಹನ್ ಪೆತಿಯಗೊಡ ಮತ್ತು ಕೆಲುಮ್ ಮನಮೇಂದ್ರ ಆರಚ್ಚಿ ರಕ್ವಾನ ಬೆಟ್ಟಗಳ ಕಡೆಯಿಂದ ಎರಡು ಹೊಸ ಜಾತಿಗಳನ್ನು ವಿವರಿಸಿದರು. ಎರಡಕ್ಕೂ ಕೊಂಬು ಹೆಸರಿಗಷ್ಟೇ, ಇಲ್ಲವೆಂದರೂ ನಡೆದೀತು. ಹಾಗಾದರೆ ಇವು ಇದ್ದ ಕೊಂಬನ್ನು ಕಳೆದುಕೊಂಡವೋ, ಅಥವಾ ಉಳಿದವಕ್ಕೆ ಆಮೇಲೆ ಬಂತೋ?

2002ರಲ್ಲಿ ವಿಜ್ಞಾನಿಗಳು ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ ಹಿಡಿದು ವಂಶವೃಕ್ಷ ಬರೆದರು. ಇವೆಲ್ಲ ಹತ್ತಿರದ ನೆಂಟರೇ, ನಿಜ. ಆದರೆ ಕೊಂಬು ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆಯಾಗಿ ಮೂಡಿರಬೇಕು ಅನ್ನುವ ಕಡೆಗೇ ಸಾಕ್ಷ್ಯ ವಾಲಿತು. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದೇ ಇದು. ಒಂದು ಕಡೆ ಒಂದೇ ಹುರುಪೆಯ ಮೊನೆ, ಇನ್ನೊಂದು ಕಡೆ ಮಾಂಸದ ಎಲೆ. ಕಟ್ಟಿದ ರೀತಿಯೇ ಬೇರೆ, ಅಲ್ವಾ?

ನಕಲ್ಸ್ ಮತ್ತು ಮಧ್ಯದ ಬೆಟ್ಟಗಳ ನಡುವೆ ಮಹಾವೆಲಿ ಕಣಿವೆ ಇದೆ. ಚಳಿಗೆ ಒಗ್ಗಿದ ಓತಿಗೆ ಆ ತಗ್ಗು ದಾಟುವುದು ಕಷ್ಟ. ಪಕ್ಕದ ಕುಲವಾದ ಕೊಫೋಟಿಸ್‌ನಲ್ಲೂ ಇದೇ ಕಥೆ: ಕಣಿವೆಯ ಆಚೆಗೊಂದು ಜಾತಿ, ಈಚೆಗೊಂದು. ಕೊಫೋಟಿಸ್‌ಗಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ನಕಲ್ಸ್‌ನ ಕೊಫೋಟಿಸ್ ಬೇರೆಯೇ ಜಾತಿ ಅಂತ ಗೊತ್ತಾಗಿದ್ದು 2006ರಲ್ಲಿ.

ಇಷ್ಟು ಸಣ್ಣ ಜಾಗದಲ್ಲಿ ಬದುಕುವ ಜೀವಿಗೆ ಕಾಡು ಕರಗಿದರೆ ಬೇರೆ ದಾರಿಯಿಲ್ಲ. ಜೊತೆಗೆ ಸಾಕುವ ಶೋಕಿಯವರಿಗಾಗಿ ಕದ್ದು ಸಾಗಿಸುವುದೂ ಇದೆ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕುವ ಒಪ್ಪಂದವಾದ ಸೈಟಿಸ್‌ನ 2019ರ ಸಭೆ ನಕಲ್ಸ್‌ನ ಎಲೆಕೊಂಬಿನ ಓತಿ, ರಕ್ವಾನದ ಎರಡು ಜಾತಿ ಮತ್ತು ಎರಡೂ ಕೊಫೋಟಿಸ್‌ಗಳನ್ನು ಒಂದನೇ ಅನುಬಂಧಕ್ಕೆ, ಅಂದರೆ ಅತಿ ಬಿಗಿ ರಕ್ಷಣೆಯ ಪಟ್ಟಿಗೆ, ಸೇರಿಸಿತು. ಕಾಡಿನಲ್ಲಿ ಹಿಡಿದ ಇವನ್ನು ದೇಶದೇಶಗಳ ನಡುವೆ ಮಾರುವುದು ಈಗ ನಿಷಿದ್ಧ.