12 ಗಂಟೆಗೆ ‘ಎಎಂ’ ಬರೆಯಬೇಕೋ, ‘ಪಿಎಂ’ ಬರೆಯಬೇಕೋ?

ನೋಟಿಸು, ಆಮಂತ್ರಣ, ಅರ್ಜಿ ಯಾವುದೇ ಇರಲಿ, ಇಂಗ್ಲಿಷಿನಲ್ಲಿ ಹೊತ್ತು ಬರೆಯುವವರು ತಡವರಿಸುವುದು 12 ಗಂಟೆಯ ಬಳಿಯೇ. ಅಲ್ಲಿ ಕೈಹಿಡಿಯುವ ಪದ ‘ನೂನ್’.

ನೂನ್ ಮೊದಲಿಗೆ ಹಗಲು 12 ಆಗಿರಲೇ ಇಲ್ಲ. ಲ್ಯಾಟಿನ್ನಿನ ‘ನೋನಾ’ ಅಂದರೆ ಒಂಬತ್ತನೆಯದು. ರೋಮನ್ನರು ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಿದ್ದರು. ಒಂಬತ್ತನೇ ಗಂಟೆ ಅಂದರೆ ನಮ್ಮ ಮಧ್ಯಾಹ್ನ ಸುಮಾರು 3. ಕ್ರೈಸ್ತ ಮಠಗಳಲ್ಲಿ ಆ ಹೊತ್ತಿನ ಪ್ರಾರ್ಥನೆಗೂ ಅದೇ ಹೆಸರಿತ್ತು. ಪ್ರಾರ್ಥನೆ ಬರಬರುತ್ತಾ ಮುಂಚಿತವಾಗಿ ನಡೆಯತೊಡಗಿ, 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನ ನೂನ್ ನಡುಹಗಲಿಗೆ ಬಂದು ನಿಂತಿತ್ತು.

ಎಎಂ ಅಂದರೆ ‘ಆಂಟೆ ಮೆರಿಡಿಯೆಮ್’, ನಡುಹಗಲಿಗೆ ಮುಂಚೆ. ಪಿಎಂ ಅಂದರೆ ‘ಪೋಸ್ಟ್ ಮೆರಿಡಿಯೆಮ್’, ನಡುಹಗಲಾದ ಮೇಲೆ. ಸರಿಯಾಗಿ 12 ಎರಡಕ್ಕೂ ಸೇರದು. ಹಗಲಿನ 12ಕ್ಕೆ ಪಿಎಂ, ರಾತ್ರಿಯ 12ಕ್ಕೆ ಎಎಂ ಅನ್ನುವುದು ಮೊಬೈಲು, ಗಡಿಯಾರಗಳ ರೂಢಿ. ಆದರೆ ಓದುವವರೆಲ್ಲರಿಗೂ ಅದು ನೆನಪಿರುವುದಿಲ್ಲ. ಹಾಗಾಗಿ ಕಾಗದದಲ್ಲಿ ‘12 ನೂನ್’ ಎಂದೇ ಬರೆಯಿರಿ. ಸರ್ಕಾರಿ ನೌಕರರು ಹಾಜರಾತಿ ವರದಿಯಲ್ಲಿ ಬರೆಯುವ ಎಫ್‌ಎನ್, ಎಎನ್ ಕೂಡ ಇದೇ ನೂನ್‌ನ ಹಿಂದುಮುಂದು: ಫೋರ್‌ನೂನ್ ಪೂರ್ವಾಹ್ನ, ಆಫ್ಟರ್‌ನೂನ್ ಅಪರಾಹ್ನ.

ಗಡಿಯಾರದ ನೂನ್ ಬೇರೆ, ಸೂರ್ಯನದೇ ಬೇರೆ. ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ತುಮಕೂರು ಇರುವುದು ಸುಮಾರು 77.1ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ನಡುಹಗಲು ಸರಾಸರಿ 12:22ಕ್ಕೆ. ಕೋಲಾರ ಪೂರ್ವಕ್ಕಿರುವುದರಿಂದ ಅಲ್ಲಿ 12:17ರ ಸುಮಾರಿಗೆ. ವರ್ಷವಿಡೀ ಅದೂ ಒಂದೇ ಇರದು: ತುಮಕೂರಿನಲ್ಲಿ ಫೆಬ್ರವರಿ ನಡುವೆ 12:36ರವರೆಗೆ ಹೋಗುತ್ತದೆ, ನವೆಂಬರ್ ಮೊದಲಲ್ಲಿ 12:05ಕ್ಕೆ ಇಳಿಯುತ್ತದೆ. ಕಂಬದ ನೆರಳು ಅತಿ ಚಿಕ್ಕದಾಗುವ ಗಳಿಗೆ ನೋಡಿದರೆ ಗೊತ್ತಾಗುತ್ತದೆ.

‘ಮಿಡ್‌ನೈಟ್’ ಮಾತ್ರ ನಿಜಕ್ಕೂ ಅಪಾಯದ್ದು, ಏಕೆಂದರೆ ಅಲ್ಲಿ ತಾರೀಖೇ ತಪ್ಪುತ್ತದೆ. 15ರ ರಾತ್ರಿ ಬೆಂಗಳೂರು ಬಿಟ್ಟ ರೈಲು ತುಮಕೂರಿಗೆ 00:20ಕ್ಕೆ ಬರುವುದಾದರೆ, ತುಮಕೂರಿನಿಂದ ತೆಗೆದ ಟಿಕೆಟ್‌ನಲ್ಲಿ 16 ಎಂದಿರುತ್ತದೆ. 16ರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೋದರೆ ಆ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಅರ್ಜಿಯ ಗಡುವಿಗೂ ‘15ರ ಮಿಡ್‌ನೈಟ್’ ಎಂದು ಬರೆಯಬೇಡಿ. ‘15ರ ರಾತ್ರಿ 11:59’ ಅಂದರೆ ಯಾರೂ ಮತ್ತೆ ಕೇಳುವುದಿಲ್ಲ.