ಬ್ಯಾಣದ ನೆತ್ತಿಯ ಕರೆಗಳು

“ಆ ಕಣಿವೆಯಲ್ಲಿ ಬೇಡಿಕೆಯೇ ಇಲ್ಲ, ಅಂಕಿ-ಅಂಶ ನೋಡಿ.” ಈ ಮಾತನ್ನು ಶಿವಮೊಗ್ಗದ ಮೊಬೈಲ್ ನೆಟ್‌ವರ್ಕ್ ಸಭೆಗಳಲ್ಲಿ ಕೇಳಿ ಕೇಳಿ ನನಗೆ ರೋಸಿಹೋಗಿದೆ. ಟವರ್ ಎಣಿಸುವುದು ತನ್ನನ್ನು ತಲುಪಿದ ಫೋನುಗಳನ್ನು ಮಾತ್ರ. ಸಿಗ್ನಲ್ ಇಲ್ಲದ ಮನೆಯಿಂದ ಕರೆ ಹೊರಡುವುದಿಲ್ಲ. ಹೊರಡದ ಕರೆ ಕಡಿತವಾಗುವುದೂ ಇಲ್ಲ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಬ್ಯಾಟರಿಯೂ ಬರಿದಾದರೆ ಟವರ್ ಆ ಹೊತ್ತಿನ ಲೆಕ್ಕವನ್ನೇ ಕೊಡುವುದಿಲ್ಲ. ಹೀಗೆ, ತೊಂದರೆ ಅತಿಯಾದ ಕಡೆಯೇ ವರದಿ ಹಸಿರಾಗಿ, ‘ಎಲ್ಲ ಸರಿ’ ಎನ್ನುತ್ತದೆ.

2017ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸರಾಸರಿಯನ್ನು ಕೈಬಿಟ್ಟು, ಶೇ. 90ರಷ್ಟು ಸೆಲ್‌ಗಳಲ್ಲಿ (ಟವರ್‌ನ ಒಂದೊಂದು ಆಂಟೆನಾದ ವ್ಯಾಪ್ತಿಯಲ್ಲಿ) ಶೇ. 90ರಷ್ಟು ದಿನ ಕರೆ ಕಡಿತ ಶೇ. 2ನ್ನು ಮೀರಬಾರದು ಎಂದಿತು. ಒಳ್ಳೆಯ ನಿಯಮವೇ. ಆದರೆ ಅದು ಅಳೆಯುತ್ತಿದ್ದುದೂ ಜೋಡಣೆಯಾದ ಕರೆಯನ್ನೇ.

ಹೊಸನಗರ ತಾಲೂಕಿನ ಒಂದು ಟವರ್‌ನ ಕಥೆ ಹೇಳುತ್ತೇನೆ. 4ಜಿಯಲ್ಲಿ ಫೋನ್ ಎಷ್ಟು ದೂರದಲ್ಲಿದೆ ಎಂಬುದು ಸುಮಾರು 78 ಮೀಟರಿನ ಹೆಜ್ಜೆಗಳಲ್ಲಿ ದಾಖಲಾಗುತ್ತದೆ. ಅಲ್ಲಿ ಟವರ್‌ನ ಬುಡದಲ್ಲಿ ಒಂದಿಷ್ಟು ಕರೆಗಳು, ಆಮೇಲೆ ಬರೀ ಖಾಲಿ, ಮತ್ತೆ 41ನೇ ಹೆಜ್ಜೆಯಲ್ಲಿ, ಅಂದರೆ 3.2 ಕಿ.ಮೀ. ಆಚೆ, ಸಂಜೆ ಹೊತ್ತು ಕರೆಗಳ ರಾಶಿ. ಅಲ್ಲಿಗೆ ಸಾಮರ್ಥ್ಯ ಹೆಚ್ಚಿಸಿ ಎಂದು ತಂತ್ರಾಂಶ ಸೂಚಿಸಿತು. ಹೋಗಿ ನೋಡಿದರೆ ಒಂದು ಮನೆಯೂ ಇಲ್ಲ. ಬೋಳು ಬ್ಯಾಣ (ಹುಲ್ಲುಗಾವಲಿನ ಗುಡ್ಡ), ಕೂತು ಕೂತು ನುಣುಪಾದ ಒಂದು ಬಂಡೆ, ಕೆಳಗಿನಿಂದ ಹತ್ತಿ ಬರುವ ಕಾಲುದಾರಿ. ಮನೆಗಳೆಲ್ಲ ಆ ‘ಖಾಲಿ’ ಜಾಗದಲ್ಲೇ, ಅಡಿಕೆ ತೋಟಗಳ ಅಂಚಿನಲ್ಲಿದ್ದವು.

ಬೆಂಗಳೂರಿನಲ್ಲಿರುವ ಮಗಳ ಜೊತೆ ಮಾತಾಡಲು ಹತ್ತಿ ಬಂದಿದ್ದ ಒಬ್ಬ ಅಜ್ಜಿ ಏದುಸಿರು ಬಿಡುತ್ತ, “ಮಳೆಗಾಲದಲ್ಲಿ ಬರುವುದಿಲ್ಲ ತಮ್ಮಾ, ಉಂಬಳದ ಕಾಟ” ಎಂದರು. ಉಂಬಳವೆಂದರೆ ಜಿಗಣೆ. ಜುಲೈ ತಿಂಗಳ ವರದಿಯಲ್ಲಿ ಅದೇ ಜಾಗಕ್ಕೆ ‘ಬೇಡಿಕೆ ಕುಸಿತ’ ಎಂದು ಬರೆದಿತ್ತು. ಅದನ್ನು ಓದಿ ನಾನೂ ತಲೆಯಾಡಿಸಿದ್ದೆ.

ಗುಡ್ಡಕ್ಕೆ ಬಡಿದು ಬರುವ ಅಲೆ ಈ ದೂರವನ್ನು ಹಿಗ್ಗಿಸಿ ತೋರಿಸುವುದುಂಟು. ಕೆಲವು ಖಾಲಿ ಜಾಗ ನಿಜಕ್ಕೂ ಕಾಡೇ ಆಗಿರಬಹುದು. ಆದ್ದರಿಂದ ಗ್ರಾಫ್ ಒಂದನ್ನೇ ನಂಬಿ ಆಂಟೆನಾ ಬಾಗಿಸುವಂತಿಲ್ಲ. ಗುಡ್ಡದ ಮರೆಯಲ್ಲಿದ್ದರೆ ಬಾಗಿಸಿಯೂ ಫಲವಿಲ್ಲ, ಕಡಿಮೆ ಆವರ್ತನದ 700 ಮೆಗಾಹರ್ಟ್ಸ್ ಅಲೆ ಕೂಡ ಒಂದಿಷ್ಟು ಸುತ್ತಿ ಬಳಸಿ ಹೋಗಬಲ್ಲದೇ ಹೊರತು ಗುಡ್ಡವನ್ನು ಸೀಳಲಾರದು. ಈಗ ನಾನು ಗ್ರಾಮ ಪಂಚಾಯಿತಿಯಿಂದ ಮನೆಗಳ ಪಟ್ಟಿ ತರಿಸಿ ಟವರ್‌ನ ನಕ್ಷೆಯ ಮೇಲೆ ಗುರುತು ಹಾಕುತ್ತೇನೆ. ಮನೆಯಿದ್ದೂ ಕರೆಯಿಲ್ಲದ ಕಡೆಗೆ ಮೊದಲು ಹೋಗುತ್ತೇನೆ, ಅದೂ ಮಳೆಗಾಲದಲ್ಲೇ.