ಎಫ್‌ಎಂ ಟ್ರಾನ್ಸ್‌ಮಿಟರ್: ಒಂದೊಂದು ವ್ಯಾಟಿಗೂ ಲೆಕ್ಕ

ಟ್ರಾನ್ಸ್‌ಮಿಟರ್ ಪಾಠ ಶುರು ಮಾಡಿದಾಗ ನನಗೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಎಕ್ಸೈಟರ್ ಒಂದು ಅಧ್ಯಾಯ, ಕೇಬಲ್ ಇನ್ನೊಂದು, ಅರ್ಥಿಂಗ್ ಮತ್ತೊಂದು. ಆಮೇಲೆ ಒಂದೇ ಪ್ರಶ್ನೆ ಹಿಡಿದು ಓದತೊಡಗಿದೆ: ಗೋಡೆಯ ಕರೆಂಟಿನಿಂದ ಬಂದ ಪವರ್ ಎಲ್ಲಿಗೆ ಹೋಯಿತು? ಒಂದೊಂದು ವ್ಯಾಟಿನ ಬೆನ್ನು ಹತ್ತಿ ಆಂಟೆನಾ ತುದಿಯವರೆಗೆ ಹೋದರೆ ಅಳವಡಿಕೆ, ಚಾಲನೆ, ರಿಪೇರಿ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಈ ಟಿಪ್ಪಣಿಯೂ ಅದೇ ದಾರಿಯಲ್ಲಿ ಸಾಗುತ್ತದೆ.

ಮೊದಲೇ ಒಂದು ಮಾತು. ಲೈಸೆನ್ಸ್ ಇಲ್ಲದೆ, ಕೊಟ್ಟ ಫ್ರೀಕ್ವೆನ್ಸಿ ಬಿಟ್ಟು ಬೇರೆ ಕಡೆ, ಆಂಟೆನಾಕ್ಕೆ ಪವರ್ ಕೊಡುವಂತಿಲ್ಲ. ಇದು ಬರೀ ಕಾಗದದ ನಿಯಮ ಅಲ್ಲ. ಹೆಚ್ಚಿನ ದೇಶಗಳಲ್ಲಿ ಎಫ್‌ಎಂ ಬ್ಯಾಂಡ್ 87.5ರಿಂದ 108 ಮೆಗಾಹರ್ಟ್ಸ್‌ವರೆಗೆ. 108 ದಾಟಿದ ಕೂಡಲೇ ವಿಮಾನಗಳಿಗೆ ದಾರಿ ತೋರುವ ಸಿಗ್ನಲ್‌ಗಳು ಶುರುವಾಗುತ್ತವೆ. ನಮ್ಮ ಕೊಳಕು ಸಿಗ್ನಲ್ ಅಲ್ಲಿಗೆ ಹರಿದರೆ ಇಳಿಯುತ್ತಿರುವ ವಿಮಾನಕ್ಕೆ ತೊಂದರೆ.

ಪೆಟ್ಟಿಗೆಯ ಒಳಗೆ

ಎಕ್ಸೈಟರ್ ಕ್ಯಾರಿಯರನ್ನು, ಅಂದರೆ ಕಾರ್ಯಕ್ರಮವನ್ನು ಹೊತ್ತೊಯ್ಯುವ ರೇಡಿಯೊ ಅಲೆಯನ್ನು, ಹುಟ್ಟಿಸುತ್ತದೆ, ಆಡಿಯೊವನ್ನು ಅದರ ಮೇಲೆ ಕೂರಿಸುತ್ತದೆ. ಮಾತು ಜೋರಾದಾಗ ಕ್ಯಾರಿಯರ್ ತನ್ನ ಜಾಗದಿಂದ ಆಚೀಚೆ 75 ಕಿಲೋಹರ್ಟ್ಸ್‌ವರೆಗೆ ಸರಿಯುತ್ತದೆ. ಈ ಸರಿಯುವಿಕೆಗೇ ಡೀವಿಯೇಷನ್ ಅನ್ನುವುದು. ಸಿಗ್ನಲ್ಲಿನ ಒಟ್ಟು ಪವರ್ ಮಾತ್ರ ಬದಲಾಗುವುದಿಲ್ಲ. ಇದನ್ನು ಚೆನ್ನಾಗಿ ತಲೆಯಲ್ಲಿಟ್ಟುಕೊಳ್ಳಿ. ಹಾಡು ಬರುತ್ತಿರಲಿ, ಸುಮ್ನೆ ಮೌನ ಇರಲಿ, ಪವರ್ ಮೀಟರ್ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಮೀಟರ್ ಸರಿಯಾಗಿದೆ, ಅಂದರೆ ಕಾರ್ಯಕ್ರಮವೂ ಹೋಗುತ್ತಿದೆ ಅಂತ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಒಂದು ರೇಡಿಯೊ ಹಚ್ಚಿಟ್ಟು ಕೇಳಲೇಬೇಕು.

ಎಕ್ಸೈಟರ್ ಕೊಡುವುದು ಸಾಮಾನ್ಯವಾಗಿ ಕೆಲವು ವ್ಯಾಟ್ ಅಥವಾ ಕೆಲವು ಹತ್ತು ವ್ಯಾಟ್. ಅದನ್ನು ಪವರ್ ಆಂಪ್ಲಿಫೈಯರ್ ಮಾಡ್ಯೂಲ್‌ಗಳು ನೂರಾರು, ಸಾವಿರಾರು ವ್ಯಾಟ್‌ಗೆ ಏರಿಸುತ್ತವೆ. ಮಾಡ್ಯೂಲ್‌ಗಳ ಔಟ್‌ಪುಟ್ಟನ್ನು ಕಂಬೈನರ್ ಒಟ್ಟು ಸೇರಿಸುತ್ತದೆ. ಇಲ್ಲಿ ಒಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿತ್ತು. ನಾಲ್ಕು ಮಾಡ್ಯೂಲ್‌ನಲ್ಲಿ ಒಂದು ಕೆಟ್ಟರೆ ಪವರ್ ಮುಕ್ಕಾಲು ಪಾಲು ಉಳಿಯಬೇಕು, ಅಲ್ವಾ? ಉಳಿಯುವುದು 56 ಶೇಕಡಾ ಮಾತ್ರ. ಮುಕ್ಕಾಲನ್ನು ಮುಕ್ಕಾಲಿನಿಂದಲೇ ಗುಣಿಸಿದಷ್ಟು. ಬಾಕಿ ಉಳಿದ ಮೂರು ಮಾಡ್ಯೂಲ್ ಪೂರ್ತಿ ದುಡಿಯುತ್ತಿದ್ದರೂ ಅವುಗಳ ಪವರ್‌ನಲ್ಲಿ ಒಂದು ಪಾಲು, ಸೇರದೆ ಉಳಿದ ಪವರ್ ನುಂಗುವ ರೆಸಿಸ್ಟರಿನಲ್ಲಿ, ಅಂದರೆ ಕಂಬೈನರಿನ ರಿಜೆಕ್ಟ್ ಲೋಡ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಪವರ್ ಏಕಾಏಕಿ ಅರ್ಧದ ಹತ್ತಿರ ಬಿದ್ದರೆ ಗಾಬರಿ ಬೇಡ. ಕೆಟ್ಟಿರುವುದು ಒಂದೇ ಮಾಡ್ಯೂಲ್ ಇರಬಹುದು. ರಿಜೆಕ್ಟ್ ಲೋಡ್ ಬಿಸಿಯಾಗಿದೆಯಾ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಕಂಬೈನರ್ ಆದಮೇಲೆ ಲೋ ಪಾಸ್ ಫಿಲ್ಟರ್. 98 ಮೆಗಾಹರ್ಟ್ಸ್ ಸ್ಟೇಷನ್ನಿನ ಎರಡನೇ ಹಾರ್ಮೋನಿಕ್, ಅಂದರೆ ಎರಡು ಪಟ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್, 196ರಲ್ಲಿ ಬರುತ್ತದೆ. ಅದು ಟಿವಿ ಬ್ಯಾಂಡಿನ ಜಾಗ. ಈ ಫಿಲ್ಟರ್ ಅದನ್ನು ತಡೆದು ನಿಲ್ಲಿಸುತ್ತದೆ.

ಇನ್ನು ಬಿಸಿ. 5 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ 70 ಶೇಕಡಾ ದಕ್ಷತೆಯಲ್ಲಿ ಓಡಿದರೆ ಮೇನ್ಸ್‌ನಿಂದ ಸುಮಾರು 7.1 ಕಿಲೋವ್ಯಾಟ್ ಎಳೆಯುತ್ತದೆ. ನಡುವಿನ 2.1 ಕಿಲೋವ್ಯಾಟ್ ನೀವು ನಿಂತಿರುವ ಕೋಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್. ಕೋಣೆಗೆ ಎಸಿ ಎಷ್ಟು ಬೇಕು ಅನ್ನುವ ಲೆಕ್ಕ ಇಲ್ಲಿಂದ ಶುರುವಾಗಬೇಕು. ಗೋಡೆಯಿಂದ ಬರುವ ಬಿಸಿಲಿನ ಕಾವನ್ನು ಅದಕ್ಕೆ ಸೇರಿಸಿ. ಒಂದು ಎಸಿ ಕೆಟ್ಟರೂ ಇನ್ನೊಂದು ಎಳೆದುಕೊಂಡು ಹೋಗುವಂತಿರಲಿ.

ಕೇಬಲ್ ತಿನ್ನುವ ಪಾಲು

ಟ್ರಾನ್ಸ್‌ಮಿಟರ್ ಕೋಣೆಯಿಂದ ಆಂಟೆನಾಕ್ಕೆ 50 ಮೀಟರ್ ಕೇಬಲ್ ಅಂತ ಇಟ್ಟುಕೊಳ್ಳಿ. ಆರ್‌ಜಿ 213 ತರಹದ ಸಾಮಾನ್ಯ ಕೇಬಲ್ ಎಳೆದರೆ 100 ಮೆಗಾಹರ್ಟ್ಸ್‌ನಲ್ಲಿ 3 ಡೆಸಿಬಲ್‌ಗಿಂತ ಜಾಸ್ತಿ ನಷ್ಟ (ಡೆಸಿಬಲ್ ಅಂದರೆ ಪವರ್ ಎಷ್ಟು ಪಟ್ಟು ಏರಿತು, ಇಳಿಯಿತು ಅನ್ನುವ ಅಳತೆ). ಅಂದರೆ ಅರ್ಧಕ್ಕರ್ಧ ಪವರ್ ಕೇಬಲನ್ನು ಬಿಸಿ ಮಾಡುವುದಕ್ಕೇ ಖರ್ಚು. ಅರ್ಧ ಇಂಚಿನ ಫೋಮ್ ಕೇಬಲ್ ಹಾಕಿದರೆ ನಷ್ಟ ಸುಮಾರು 1.1 ಡೆಸಿಬಲ್. ನೂರಕ್ಕೆ 78 ಮೇಲೆ ಸೇರುತ್ತದೆ. ಏಳು ಎಂಟಾಂಶ ಇಂಚಿನದ್ದಾದರೆ ನೂರಕ್ಕೆ 87. ದೊಡ್ಡ ಟ್ರಾನ್ಸ್‌ಮಿಟರ್ ತಂದು ತೆಳ್ಳಗಿನ ಕೇಬಲ್ ಹಾಕುವುದು ತೂತು ಕೊಡದಲ್ಲಿ ನೀರು ಹೊತ್ತಂತೆ.

ಒಳಗೆ ಪೊಳ್ಳಾಗಿರುವ, ಗಾಳಿ ತುಂಬಿದ ಕೇಬಲ್ ಆದರೆ ಒಣ ಗಾಳಿ ಅಥವಾ ನೈಟ್ರೋಜನ್ ತುಂಬಿ ಒತ್ತಡ ಕಾಯ್ದುಕೊಳ್ಳಬೇಕು. ಒತ್ತಡದ ಮೀಟರ್ ದಿನದಿನ ಇಳಿಯುತ್ತಿದ್ದರೆ ಎಲ್ಲೋ ಸಂದು ಬಿಟ್ಟಿದೆ. ಗಾಳಿ ಹೋಗುವ ಸಂದಿನಲ್ಲಿ ತೇವ ಬರಲು ಎಷ್ಟು ಹೊತ್ತು? ಕೇಬಲನ್ನು ಅದರ ಕನಿಷ್ಠ ಬಾಗುವ ತ್ರಿಜ್ಯಕ್ಕಿಂತ ಜಾಸ್ತಿ ಬಗ್ಗಿಸಬಾರದು. ಕೋಣೆಯೊಳಗೆ ಬರುವ ಮುಂಚೆ ಕೆಳಕ್ಕೊಂದು ಸುತ್ತು ಜೋತುಬಿಟ್ಟರೆ ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯುವುದಿಲ್ಲ.

ಆಂಟೆನಾ ಮತ್ತು ಎತ್ತರ

100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್. ಅರ್ಧ ಅಲೆಯ ಡೈಪೋಲ್, ಅಂದರೆ ನಡುವೆ ಪವರ್ ಕೊಡುವ ಸರಳ ಕಡ್ಡಿ ಆಂಟೆನಾ, ಸುಮಾರು 1.43 ಮೀಟರ್. ಡೈಪೋಲ್‌ಗಳನ್ನು ಒಂದರ ಮೇಲೊಂದು ಜೋಡಿಸಿದರೆ ಆಕಾಶಕ್ಕೂ ನೆಲಕ್ಕೂ ಹೋಗುತ್ತಿದ್ದ ಪವರ್ ಸುತ್ತಲ ಊರುಗಳ ಕಡೆಗೆ ತಿರುಗುತ್ತದೆ. ಆಂಟೆನಾ ಗೇನ್ ಅಂದರೆ ಇಷ್ಟೇ. ಆಂಟೆನಾ ಹೊಸ ಪವರ್ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಒಂದು ಕಡೆ ತಿರುಗಿಸುತ್ತದೆ.

ಲೆಕ್ಕ ಹೀಗೆ. 1 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್, ಕೇಬಲ್‌ನಲ್ಲಿ 1 ಡೆಸಿಬಲ್ ನಷ್ಟ, ಡೈಪೋಲ್‌ಗಿಂತ 4 ಡೆಸಿಬಲ್ ಗೇನ್. ಉಳಿದ ಲಾಭ 3 ಡೆಸಿಬಲ್. ಇಆರ್‌ಪಿ (ಗೇನ್ ಸೇರಿಸಿ ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಪವರ್) ಸುಮಾರು 2 ಕಿಲೋವ್ಯಾಟ್. ಲೈಸೆನ್ಸ್‌ನಲ್ಲಿ ಮಿತಿ ಹಾಕುವಾಗ ಹೆಚ್ಚಾಗಿ ನೋಡುವುದು ಇದನ್ನೇ. ವೃತ್ತಾಕಾರದ ಪೋಲರೈಸೇಷನ್ ಆಂಟೆನಾದಲ್ಲಿ ಪವರ್ ಅಡ್ಡಕ್ಕೂ ಉದ್ದಕ್ಕೂ ಹಂಚಿಹೋಗುವುದರಿಂದ ಒಂದು ಬೇ (ಆಂಟೆನಾದ ಒಂದು ಅಂತಸ್ತು) ಮಾತ್ರ ಇದ್ದರೆ ಗೇನ್ ಸುಮಾರು ಅರ್ಧ. ಕಾರಿನ ಆಂಟೆನಾ, ಮನೆಯ ರೇಡಿಯೊ, ಹೇಗೇ ಹಿಡಿದ ಫೋನು, ಎಲ್ಲಕ್ಕೂ ಸಿಗ್ನಲ್ ಸಿಗಬೇಕಾದರೆ ಆ ನಷ್ಟ ಒಪ್ಪಿಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ.

ಆದರೆ ಎತ್ತರದ ಮುಂದೆ ಇದೆಲ್ಲ ಸಣ್ಣದು. ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ಬೇಕಾದರೆ ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತಗೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. 25 ಮೀಟರ್ ಎತ್ತರಕ್ಕೆ ಸುಮಾರು 21 ಕಿಲೋಮೀಟರ್, 100 ಮೀಟರಿಗೆ ಸುಮಾರು 41. ಪವರ್ ಎರಡು ಪಟ್ಟು ಮಾಡಿದರೆ ಬರುವುದು 3 ಡೆಸಿಬಲ್ ಮಾತ್ರ. ಗುಡ್ಡದ ಹಿಂದೆ ಕೂತ ಕೇಳುಗರಿಗೆ ಅದು ಗೊತ್ತೂ ಆಗುವುದಿಲ್ಲ. ಹಣ ಒಂದೇ ಕಡೆ ಹಾಕಬಹುದು ಅಂದರೆ ಎತ್ತರಕ್ಕೆ ಹಾಕಿ.

ತಿರುಗಿ ಬರುವ ಪವರ್

ಇದು ನನಗೆ ಅತಿ ಇಷ್ಟದ ಭಾಗ, ಬಹಳ ಜನ ಎಡವುವ ಭಾಗವೂ ಹೌದು. ಟ್ರಾನ್ಸ್‌ಮಿಟರ್, ಕೇಬಲ್, ಆಂಟೆನಾ ಮೂರೂ 50 ಓಮ್ ಆಗಿರಬೇಕು. ಎಲ್ಲಾದರೂ ಹೊಂದಿಕೆ ತಪ್ಪಿದರೆ ಪವರ್‌ನ ಒಂದು ಭಾಗ ಅಲ್ಲಿಂದ ವಾಪಸ್ ಬರುತ್ತದೆ. 1000 ವ್ಯಾಟ್ ಕಳಿಸಿ 10 ವ್ಯಾಟ್ ತಿರುಗಿ ಬಂದರೆ ವಿಎಸ್‌ಡಬ್ಲ್ಯುಆರ್ (ಹೊಂದಿಕೆ ಎಷ್ಟು ಸರಿ ಅನ್ನುವ ಅಂಕಿ, 1 ಆದರೆ ಪೂರ್ತಿ ಸರಿ) 1.22. 40 ಬಂದರೆ 1.5. 111 ಬಂದರೆ 2. ತಿರುಗಿ ಬರುವ ಈ ರಿಫ್ಲೆಕ್ಟೆಡ್ ಪವರ್ ಮಿತಿ ಮೀರಿದರೆ ಟ್ರಾನ್ಸ್‌ಮಿಟರ್ ತಾನೇ ಪವರ್ ಇಳಿಸಿಕೊಳ್ಳುತ್ತದೆ, ಇಲ್ಲವೇ ಟ್ರಿಪ್ ಆಗುತ್ತದೆ. ಆ ರಕ್ಷಣೆಯನ್ನು ಯಾವತ್ತೂ ಬೈಪಾಸ್ ಮಾಡಬೇಡಿ. ಔಟ್‌ಪುಟ್‌ಗೆ ಏನೂ ಜೋಡಿಸದೆ ಪವರ್ ಆನ್ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು.

ಈಗ ಒಂದು ಬಲೆ. ಕೇಬಲ್‌ನಲ್ಲಿ 3 ಡೆಸಿಬಲ್ ನಷ್ಟ ಇದೆ, ಮೇಲೆ ಆಂಟೆನಾ ಪೂರ್ತಿ ಕಿತ್ತುಹೋಗಿದೆ ಅಂತ ಊಹಿಸಿಕೊಳ್ಳಿ. 1000 ವ್ಯಾಟ್‌ನಲ್ಲಿ 500 ಮೇಲೆ ಸೇರುತ್ತದೆ. ಅಷ್ಟೂ ತಿರುಗುತ್ತದೆ. ಕೆಳಗೆ ಬರುವ ಹೊತ್ತಿಗೆ ಅದರಲ್ಲೂ ಅರ್ಧ ಕರಗಿ 250 ವ್ಯಾಟ್ ಕಾಣುತ್ತದೆ. ಮೀಟರ್ ಹೇಳುವುದು ವಿಎಸ್‌ಡಬ್ಲ್ಯುಆರ್ 3. ಆಂಟೆನಾವೇ ಇಲ್ಲದಿದ್ದರೂ 3! ನಷ್ಟದ ಕೇಬಲ್ ಆಂಟೆನಾದ ರೋಗವನ್ನು ಮುಚ್ಚಿಡುತ್ತದೆ. ಹಾಗಾಗಿ ಕೆಳಗಿನ ಓದು ಚೆನ್ನಾಗಿದೆ ಅಂತ ಬಿಡದೆ, ಅಳವಡಿಸುವ ದಿನವೇ ಕೇಬಲ್‌ನ ಮೇಲಿನ ತುದಿಗೆ ಡಮ್ಮಿ ಲೋಡ್ (ಆಂಟೆನಾದ ಬದಲು ಪವರ್ ನುಂಗುವ 50 ಓಮ್ ರೆಸಿಸ್ಟರ್) ಕಟ್ಟಿ ಕೇಬಲನ್ನು ಬೇರೆಯಾಗಿ ಅಳೆಯಿರಿ. ಆಂಟೆನಾವನ್ನು ಅದರ ಬುಡದಲ್ಲೇ ಅಳೆಯಿರಿ. ಎರಡನ್ನೂ ಬರೆದಿಡಿ. ಅಳೆಯುವ ನೆಟ್‌ವರ್ಕ್ ಅನಲೈಸರ್ ಬಗ್ಗೆಯೂ ಎಚ್ಚರ ಇರಲಿ. ಅದೇ ಟವರ್‌ನಲ್ಲಿ ಬೇರೆ ಸ್ಟೇಷನ್ ಓಡುತ್ತಿದ್ದರೆ ಅದರ ಪವರ್ ನಮ್ಮ ಆಂಟೆನಾದಿಂದ ಇಳಿದು ಉಪಕರಣವನ್ನೇ ಸುಡಬಹುದು.

ಪಕ್ಕದ ಸ್ಟೇಷನ್ನಿನ ಪವರ್ ನಮ್ಮ ಆಂಪ್ಲಿಫೈಯರಿಗೆ ನುಗ್ಗಿದರೆ ಇನ್ನೊಂದು ತೊಂದರೆ ಇದೆ. 107 ಮತ್ತು 99 ಒಳಗೆ ಬೆರೆತರೆ 107ರ ಎರಡು ಪಟ್ಟಿನಲ್ಲಿ 99 ಕಳೆದ ಜಾಗದಲ್ಲಿ, ಅಂದರೆ 115 ಮೆಗಾಹರ್ಟ್ಸ್‌ನಲ್ಲಿ, ಮೂರನೇ ಸಿಗ್ನಲ್ ಹುಟ್ಟುತ್ತದೆ. ಅದು ನೇರ ವಿಮಾನಗಳ ಬ್ಯಾಂಡು. ಒಂದೇ ಟವರ್ ಹಂಚಿಕೊಂಡ ಕಡೆ ಫಿಲ್ಟರ್‌ಗಳಿಗೆ ಅಷ್ಟೊಂದು ಮಹತ್ವ ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಮಿಂಚು, ಅರ್ಥಿಂಗ್, ಮೈ ಕಾಯುವುದು

ಕೇಬಲ್‌ನ ಹೊರ ತಾಮ್ರವನ್ನು ಟವರ್‌ನ ಮೇಲ್ಭಾಗದಲ್ಲಿ, ಬುಡದಲ್ಲಿ, ಕೋಣೆ ಪ್ರವೇಶಿಸುವಲ್ಲಿ, ಮೂರೂ ಕಡೆ ಅರ್ಥ್ ಮಾಡಬೇಕು. ಟವರ್ ಅರ್ಥ್, ಮೇನ್ಸ್ ಅರ್ಥ್, ರ‍್ಯಾಕ್ ಅರ್ಥ್ ಎಲ್ಲವನ್ನೂ ಒಂದಕ್ಕೊಂದು ಬೆಸೆದಿರಬೇಕು. ಬೇರೆ ಬೇರೆ ಬಿಟ್ಟರೆ ಮಿಂಚು ಬಿದ್ದ ಕ್ಷಣ ಅವುಗಳ ನಡುವೆ ಸಾವಿರಾರು ವೋಲ್ಟ್ ಏಳುತ್ತದೆ. ಆ ವೋಲ್ಟೇಜ್ ಸಮ ಆಗಲು ಹುಡುಕುವ ದಾರಿ ನಿಮ್ಮ ಟ್ರಾನ್ಸ್‌ಮಿಟರ್. ದುಂಡು ತಂತಿಗಿಂತ ಅಗಲದ ತಾಮ್ರದ ಪಟ್ಟಿ ಒಳ್ಳೆಯದು. ಚೂಪು ತಿರುವು ಬೇಡ.

ಟವರ್ ಹತ್ತುವ ಮುಂಚೆ ಪವರ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಹತ್ತುವವರ ಜೇಬಿನಲ್ಲೇ ಇರಲಿ. ಈ ಬ್ಯಾಂಡಿನಲ್ಲಿ ಸಾರ್ವಜನಿಕರಿಗೆ ಐಸಿಎನ್‌ಐಆರ್‌ಪಿ (ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ) ಹಾಕಿರುವ ಮಿತಿ ಚದರ ಮೀಟರಿಗೆ 2 ವ್ಯಾಟ್. ಓಡುತ್ತಿರುವ ಆಂಟೆನಾದ ಪಕ್ಕ ಅದು ಎಷ್ಟೋ ಪಟ್ಟು ಮೀರಿರುತ್ತದೆ. ಆರ್‌ಎಫ್, ಅಂದರೆ ರೇಡಿಯೊ ಪವರ್, ಸುಟ್ಟರೆ ಗಾಯ ಚರ್ಮದ ಒಳಗೂ ಇಳಿದಿರುತ್ತದೆ, ಹೊರಗಿನಿಂದ ಪೂರ್ತಿ ಗೊತ್ತಾಗುವುದಿಲ್ಲ.

ಮೊದಲ ಸಲ ಆನ್ ಮಾಡುವಾಗ

ಅವಸರ ಬೇಡ. ಮೊದಲು ಮೇನ್ಸ್ ವೋಲ್ಟೇಜ್ ನೋಡಿ, ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯಾ ನೋಡಿ. ಮೂರು ಫೇಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯೇ ಸಾಲದು. ಆಮೇಲೆ ಡಮ್ಮಿ ಲೋಡ್‌ಗೆ ಕಡಿಮೆ ಪವರ್ ಕೊಟ್ಟು ಫ್ರೀಕ್ವೆನ್ಸಿ, ಡೀವಿಯೇಷನ್, ಹಾರ್ಮೋನಿಕ್ ಅಳೆಯಿರಿ. ಕ್ಯಾರಿಯರ್ 2 ಕಿಲೋಹರ್ಟ್ಸ್‌ಗಿಂತ ಜಾಸ್ತಿ ಸರಿಯಬಾರದು. ಎಲ್ಲ ಸರಿ ಇದ್ದರೆ ಆರ್‌ಎಫ್ ಆಫ್ ಮಾಡಿ, ಆಂಟೆನಾ ಜೋಡಿಸಿ, ಹತ್ತನೇ ಒಂದು ಭಾಗ ಪವರ್‌ನಿಂದ ಮೆಲ್ಲಗೆ ಏರಿಸಿ. ಪೂರ್ತಿ ಪವರ್‌ನಲ್ಲಿ ಒಂದು ಗಂಟೆ ಓಡಿಸಿ. ಆರ್‌ಎಫ್ ಆಫ್ ಮಾಡಿ ಕನೆಕ್ಟರ್‌ಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದನ್ನು ಬಿಚ್ಚಲೇಬೇಕು.

ಡೀವಿಯೇಷನ್ ಮೀಟರನ್ನೇ ನಂಬಬಹುದಾ ಅಂತ ಅನುಮಾನ ಬಂದರೆ ಒಂದು ಸುಂದರವಾದ ಉಪಾಯ ಇದೆ. 13.59 ಕಿಲೋಹರ್ಟ್ಸ್ ಟೋನ್ ಹಾಕಿ ಆಡಿಯೊ ಮಟ್ಟವನ್ನು ನಿಧಾನವಾಗಿ ಏರಿಸುತ್ತಾ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಅಂತ ತೋರಿಸುವ ಉಪಕರಣ) ನೋಡಿ. ನಡುವಿನ ಕ್ಯಾರಿಯರ್ ಗೆರೆ ಕುಗ್ಗಿ ಮಾಯವಾಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಮಾಯವಾಗುತ್ತದೆ. ಎರಡನೇ ಸಲ ಮಾಯವಾದ ಜಾಗವೇ ಸರಿಯಾಗಿ 75 ಕಿಲೋಹರ್ಟ್ಸ್. ಈ ಪರೀಕ್ಷೆಗೆ ಸ್ಟೀರಿಯೊ ಪೈಲಟ್ (ಸ್ಟೀರಿಯೊ ಇದೆ ಅಂತ ರೇಡಿಯೊಕ್ಕೆ ತಿಳಿಸುವ ಟೋನ್), ಸ್ಟೇಷನ್ ಹೆಸರು ಕಳಿಸುವ ಆರ್‌ಡಿಎಸ್ ಎರಡನ್ನೂ ಆಫ್ ಮಾಡಿರಬೇಕು, ಡಮ್ಮಿ ಲೋಡ್ ಮೇಲೆಯೇ ಮಾಡಬೇಕು. ಗಣಿತ ಪುಸ್ತಕದ ಬೆಸೆಲ್ ಫಂಕ್ಷನ್ ಪರದೆಯ ಮೇಲೆ ಹೀಗೆ ಎದ್ದು ಬರುವುದನ್ನು ಒಮ್ಮೆ ಕಣ್ಣಾರೆ ನೋಡಿ.

ಪ್ರೀ-ಎಂಫಸಿಸ್ (ಕಳಿಸುವ ಮುಂಚೆ ಮೇಲಿನ ಸ್ವರಗಳನ್ನು ಎತ್ತಿ ಕೊಡುವುದು) ಕೂಡ ಪರೀಕ್ಷಿಸಿ. ಅಮೆರಿಕದಲ್ಲಿ 75 ಮೈಕ್ರೊಸೆಕೆಂಡ್, ಯುರೋಪ್, ಭಾರತದಲ್ಲಿ 50. ತಪ್ಪು ಆಯ್ಕೆ ಮಾಡಿದರೆ ಧ್ವನಿ ಕೀಚಲು ಅಥವಾ ಮಂಕು. 50ರಲ್ಲೂ 15 ಕಿಲೋಹರ್ಟ್ಸ್‌ನ ಧ್ವನಿ ಸುಮಾರು 13.7 ಡೆಸಿಬಲ್ ಏರುತ್ತದೆ. 'ಸ' ಅಕ್ಷರ ಜೋರಾಗಿ ಉಚ್ಚರಿಸಿದಾಗ ಡೀವಿಯೇಷನ್ ಗಡಿ ದಾಟುವುದು ಇದರಿಂದಲೇ. ಅದಕ್ಕೇ ಆಡಿಯೊ ಮಟ್ಟವನ್ನು ಗಡಿಯೊಳಗೆ ಹಿಡಿದಿಡುವ ಲಿಮಿಟರ್ ಬೇಕು.

ದಿನದಿನದ ಪುಸ್ತಕ

ಫಾರ್ವರ್ಡ್ (ಆಂಟೆನಾ ಕಡೆಗೆ ಹೋಗುವ ಪವರ್), ರಿಫ್ಲೆಕ್ಟೆಡ್, ಆಂಪ್ಲಿಫೈಯರಿನ ವೋಲ್ಟೇಜ್, ಕರೆಂಟ್, ಹೀಟ್ ಸಿಂಕ್ ಬಿಸಿ, ಕೋಣೆಯ ಬಿಸಿ. ದಿನಕ್ಕೆ ಒಂದೆರಡು ಸಲ ಬರೆಯಿರಿ. 50 ವೋಲ್ಟ್, 28 ಆಂಪಿಯರ್ ಅಂದರೆ 1400 ವ್ಯಾಟ್ ಒಳಗೆ ಹೋಯಿತು. ಹೊರಗೆ 1000. ಮುಂದಿನ ತಿಂಗಳು ಅದೇ 1000ಕ್ಕೆ 31 ಆಂಪಿಯರ್ ಬೇಕಾದರೆ ಒಳಗೆ ಏನೋ ಸೊರಗುತ್ತಿದೆ. ಜೊತೆಗೆ ಹವೆಯನ್ನೂ ಬರೆಯಿರಿ. ಈ ಕಾಲಂ ಮೊದಲು ನನಗೆ ಅನಗತ್ಯ ಅನ್ನಿಸಿತ್ತು.

ತರಬೇತಿಯಲ್ಲಿದ್ದಾಗ ಒಂದು 1 ಕಿಲೋವ್ಯಾಟ್ ಟ್ರಾನ್ಸ್‌ಮಿಟರಿನ ರಿಫ್ಲೆಕ್ಟೆಡ್ ಯಾವಾಗಲೂ 6 ವ್ಯಾಟ್ ಇರುತ್ತಿತ್ತು. ಒಂದು ದಿನ 35 ಆಯಿತು. ಮಧ್ಯಾಹ್ನ ಮತ್ತೆ 7. ನಾನು ಮೀಟರನ್ನೇ ಅನುಮಾನಿಸಿದೆ. ನಮ್ಮ ಹಿರಿಯ ಎಂಜಿನಿಯರ್ ಪುಸ್ತಕದ ಮೂರು ಪುಟ ಹಿಂದೆ ತಿರುಗಿಸಿ ಹವೆಯ ಕಾಲಂ ಮೇಲೆ ಬೆರಳಿಟ್ಟರು. ಏರಿದ್ದೆಲ್ಲ ಮಳೆಯ ಬೆಳಿಗ್ಗೆ, ಇಳಿದದ್ದೆಲ್ಲ ಬಿಸಿಲು ಬಂದಮೇಲೆ. ಪವರ್ ಆಫ್ ಮಾಡಿ, ಮೇಲಿನ ಕನೆಕ್ಟರ್ ಬಿಚ್ಚಿಸಿದೆವು. ಒಳಗಿನಿಂದ ಎರಡು ಹನಿ ನೀರು ಬಿತ್ತು. ನಡುವಿನ ಪಿನ್ ಹಸಿರುಗಟ್ಟಿತ್ತು, ಬಿಳಿ ಇನ್ಸುಲೇಟರ್ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ.

ಟೇಪನ್ನು ಮೇಲಿನಿಂದ ಕೆಳಕ್ಕೆ ಸುತ್ತಿದ್ದರು, ತಪ್ಪು ಅಲ್ಲೇ ಇತ್ತು. ಹಾಗೆ ಸುತ್ತಿದರೆ ಒಂದೊಂದು ಪದರದ ಅಂಚೂ ಮೇಲ್ಮುಖವಾಗಿ ಬಾಯಿ ತೆರೆದು ನೀರು ಕುಡಿಯುತ್ತದೆ. ಮಾಡು ಹೊದಿಸುವವರು ಹೆಂಚನ್ನು ಕೆಳಗಿನ ಸಾಲಿನಿಂದ ಶುರು ಮಾಡುತ್ತಾರಲ್ಲ, ಹಾಗೆ ಕೊನೆಯ ಪದರವನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೊದಲು ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಬಿಸಿಲು ತಡೆಯುವ ವಿನೈಲ್ ಟೇಪ್. ಹೊಸ ಕನೆಕ್ಟರ್ ಹಾಕಿ ಹಾಗೆ ಸುತ್ತಿಸಿದ ಮರುದಿನ ಜೋರು ಮಳೆ. ಬೆಳಿಗ್ಗೆ ಎದ್ದವನೇ ಮೀಟರ್ ಮುಂದೆ ಹೋಗಿ ನಿಂತೆ. 6 ವ್ಯಾಟ್ ಇತ್ತು.